ಚುಕ್ಕಿಯಲ್ಲಿ ಬಂದ ಗೋಡೆ

ನಮ್ಮ ಊರಿನಲ್ಲಿ ಚಿತ್ರ ನಿಲ್ಲುವುದಿಲ್ಲ. ಅಕ್ಷರ ನಿಲ್ಲುತ್ತದೆ, ಅಂಕಿ ನಿಲ್ಲುತ್ತದೆ, ಚಿತ್ರ ಮಾತ್ರ ನಿಲ್ಲುವುದಿಲ್ಲ. ಹೊರಗಿನವರು ಇದನ್ನು ಕೇಳಿ ಕಣ್ಣರಳಿಸುತ್ತಾರೆ, ನಮಗೆ ಅರಳಿಸುವಂಥದ್ದೇನೂ ಕಾಣದು. ಕ್ಯಾಲೆಂಡರಿನಲ್ಲಿ ಲಕ್ಷ್ಮಿ ಇರಬೇಕಾದ ಜಾಗ ಬೆಳ್ಳಗಿರುತ್ತದೆ, ಕೆಳಗೆ ತಾರೀಖು, ಅಮಾವಾಸ್ಯೆ, ರಾಹುಕಾಲ ಎಲ್ಲ ಸರಿಯಾಗಿರುತ್ತವೆ; ನಾವು ಆ ಬಿಳಿ ಜಾಗಕ್ಕೇ ಕುಂಕುಮ ಹಚ್ಚಿ ಕೈ ಮುಗಿಯುತ್ತೇವೆ. ರಂಗೋಲಿ ಹಾಕುವವರು ಅಂಗಳದಲ್ಲಿ ಕಮಲ, ನವಿಲು, ಶಂಖ ಎಂದು ಅಕ್ಷರದಲ್ಲೇ ದುಂಡಗೆ ಬರೆಯುತ್ತಾರೆ. ಗಂಡಿನ ಮನೆಗೆ ಹುಡುಗಿಯ ಫೋಟೋ ಕಳಿಸುವ ಹಾಗಿಲ್ಲವಾದ್ದರಿಂದ ಸ್ಟುಡಿಯೋದವನು ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಮೂಗು ತುಸು ಮೊಂಡು, ನಕ್ಕರೆ ಗೊತ್ತಾಗುವುದಿಲ್ಲ ಎಂದು ಟೈಪು ಮಾಡಿ ಕೊಡುತ್ತಾನೆ. ನನ್ನ ಬಗ್ಗೆಯೂ ಹಾಗೊಂದು ಹಾಳೆ ಹೋಗಿತ್ತು. ಆ ಪುಣ್ಯಾತ್ಮ ಕೊನೆಗೆ ‘ಮಾತು ಜಾಸ್ತಿ’ ಎಂದು ಸೇರಿಸಿದ್ದ. ನಮ್ಮ ಮನೆಯವರು ಆ ಸಾಲು ಓದಿಯೇ ಒಪ್ಪಿದರಂತೆ.

ಅವರ ಹೆಸರು ಗುರುಪಾದ. ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ನಮ್ಮೂರ ಟಾಕೀಸಿನಲ್ಲಿ ಅವರು ಹೇಳುವವರು. ಚಿತ್ರ ನಿಲ್ಲದ ಊರಿನಲ್ಲಿ ಟಾಕೀಸು ಯಾಕೆ ಎಂದು ಕೇಳುವವರಿದ್ದಾರೆ. ಹಲ್ಲಿಲ್ಲದವರು ಊಟ ಬಿಡುತ್ತಾರೆಯೇ? ಯಂತ್ರ ಓಡುತ್ತದೆ, ಮಾತು ಕೇಳುತ್ತದೆ, ಹಾಡು ಕೇಳುತ್ತದೆ, ಪರದೆ ಮಾತ್ರ ಬೆಳ್ಳಗೆ ಬೆಳಗುತ್ತಿರುತ್ತದೆ. ನಮ್ಮ ಮನೆಯವರು ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗಿ ಸಿನಿಮಾ ನೋಡಿಕೊಂಡು ಬಂದು, ಪರದೆಯ ಬದಿಯಲ್ಲಿ ಸ್ಟೂಲಿನ ಮೇಲೆ ನಿಂತು, ಈಗ ಅವಳು ಬಾಗಿಲಿಗೆ ಬಂದಳು, ಈಗ ಅವನ ಕೈಯಲ್ಲಿ ಕೊಡಲಿ ಕಂಡಿತು ಎಂದು ಹೇಳುತ್ತಾ ಹೋಗುತ್ತಾರೆ. ಅವರು ಹೇಳಿದರೆ ಕುಂಟರೂ ಎದ್ದು ಓಡಬೇಕು, ಹಾಗಿರುತ್ತದೆ. ಮನೆಯಲ್ಲಿ ಮಾತ್ರ, ಉಪ್ಪು ಕೊಡು ಎನ್ನುವುದಕ್ಕೂ ಸನ್ನೆ.

ಆ ವರ್ಷ ಟಾಕೀಸಿನ ಪರದೆಯ ಹಿಂದಿನ ಗೋಡೆಯಲ್ಲಿ ಬಿರುಕು ಕಾಣಿಸಿತು. ಗೋಡೆ ಒಳಗಡೆಗೆ ವಾಲುತ್ತಿದೆ ಎಂದು ಕೆಲವರು, ಕಟ್ಟಿದಂದಿನಿಂದಲೂ ಹಾಗೇ ಇದೆ ಎಂದು ಕೆಲವರು. ಪುರಸಭೆಯವರು ಟಾಕೀಸಿಗೆ ಬೀಗ ಹಾಕಿಸಿ, ದೂರದ ಶಹರದಿಂದ ಮುಜುಮದಾರ ಎಂಬ ಇಂಜಿನಿಯರರನ್ನು ಕರೆಸಿದರು. ಅವರು ಗೋಡೆಗೆ ಒಂದು ಡಬ್ಬಿಯಂಥ ಮೀಟರು ಬಡಿದು, ಅದರ ತಂತಿಯನ್ನು ಬೀದಿ ದಾಟಿಸಿ ಪುರಸಭೆಯ ಕಂಪ್ಯೂಟರಿಗೆ ತಂದು ಸಿಕ್ಕಿಸಿ, ಅದೇ ದಿನ ಬಸ್ಸು ಹತ್ತಿ ಹೋದರು. ಆ ಕಂಪ್ಯೂಟರಿನ ಮುಂದೆ ಕೂರುವವಳು ನಾನು. ಕಪ್ಪು ಪರದೆ, ಹಸಿರು ಅಕ್ಷರ. ನಮ್ಮೂರ ಎಲ್ಲ ಕಂಪ್ಯೂಟರುಗಳೂ ಹಾಗೇ. ಮನೆಕರ, ನೀರಿನ ಕರ, ಜನನ, ಮರಣ ಇವಿಷ್ಟು ನನ್ನ ಲೋಕ. ಅದರೊಳಗೆ ಈ ಗೋಡೆಯೂ ಬಂದು ಸೇರಿತು.

ಮೀಟರು ಹಗಲೂ ರಾತ್ರಿ ಅಂಕಿ ಉಗುಳುತ್ತಿತ್ತು. ಅಂಕಿ ನೋಡಿದರೆ ತಿಳಿಯುತ್ತದಲ್ಲ ಎಂದುಕೊಂಡಿದ್ದೆ. ತಿಳಿಯಲಿಲ್ಲ. ಬಿಸಿಲಿಗೆ ಗೋಡೆ ಉಬ್ಬುತ್ತದೆ, ತಂಪಿಗೆ ಕುಗ್ಗುತ್ತದೆ, ಅದರ ಜೊತೆ ಅಂಕಿಯೂ ಹುಚ್ಚು ಕುದುರೆಯ ಹಾಗೆ ಹಾರುತ್ತದೆ, ಒಂದೊಂದೇ ನೋಡಿದರೆ ಸುಳ್ಳು ಹೇಳುತ್ತದೆ ಎಂದು ಮುಜುಮದಾರರೇ ಫೋನಿನಲ್ಲಿ ಹೇಳಿದರು. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದು ಗೆರೆ ಎಳೆಯುವ ಒಂದು ಲೆಕ್ಕದ ಪ್ರೋಗ್ರಾಮನ್ನು ಕಂಪ್ಯೂಟರಿನಲ್ಲಿ ಹಾಕಿಟ್ಟು ಹೋಗಿದ್ದರು. ಗೆರೆ ಏರಿದರೆ ಗೋಡೆ ವಾಲುತ್ತಿದೆ, ಗೆರೆ ಇಳಿದರೆ ಭಯವಿಲ್ಲ. ಪುರಸಭೆಯವರು ಒಂದು ಗಡುವು ಇಟ್ಟರು. ಇಂಥ ದಿನ ಮಧ್ಯಾಹ್ನದೊಳಗೆ ಅಪಾಯವಿದೆ ಎಂಬ ಮಾತು ಬಾರದಿದ್ದರೆ ಟಾಕೀಸಿನ ಮೈಲಾರಪ್ಪ ಬೀಗ ತೆಗೆಯಬಹುದು, ಮ್ಯಾಟಿನಿ ನಡೆಸಬಹುದು.

ಬೀಗ ಬಿದ್ದಾಗಿನಿಂದ ನಮ್ಮ ಮನೆಯವರ ಸ್ಥಿತಿ ನೋಡುವ ಹಾಗಿರಲಿಲ್ಲ. ಬೀಗ ಬೀಳುವ ಮುಂಚೆ ಒಂದು ಸಿನಿಮಾ ನೋಡಿಕೊಂಡು ಬಂದಿದ್ದರು, ಅದು ಹೊಟ್ಟೆಯಲ್ಲೇ ಉಳಿದುಬಿಟ್ಟಿತು. ಊಟ ಸೇರದು, ನಿದ್ದೆ ಹತ್ತದು. ಹಿತ್ತಲಿನಲ್ಲಿ ಹಂಡೆಯ ಮುಂದೆ ಕೂತು ತುಟಿ ಅಲ್ಲಾಡಿಸುತ್ತಿದ್ದರು. ನನಗಾದರೂ ಹೇಳ್ರಿ ಎಂದರೆ, ಒಬ್ಬಳಿಗೆ ಹೇಳುವುದು ಹೇಳುವುದಲ್ಲ ಎಂದು ಎದ್ದು ಹೋಗುತ್ತಿದ್ದರು. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಣ್ಣಗಾಗಿತ್ತು. ಗೆರೆ ಇಳಿಯಲಿ ಶಿವನೇ ಎಂದು ನಾನೇ ಬೇಡಿಕೊಳ್ಳುತ್ತಿದ್ದೆ, ಇದನ್ನು ಮುಚ್ಚಿಡುವುದು ಯಾಕೆ.

ಗಡುವಿನ ದಿನ ಬೆಳಿಗ್ಗೆ ಮುಜುಮದಾರರು ರೈಲಿನಲ್ಲಿದ್ದರು. ಅಲ್ಲಿಂದಲೇ ಫೋನು ಮಾಡಿ ಏನೇನು ಟೈಪು ಮಾಡಬೇಕೆಂದು ಒಂದೊಂದೇ ಅಕ್ಷರ ಹೇಳಿದರು. ಮಾಡಿದೆ. ಈಗ ಒಂದು ಕಿಟಕಿ ತೆರೆದುಕೊಂಡು ಅದರಲ್ಲಿ ಗೆರೆ ಬರುತ್ತದೆ ಎಂದರು. ಕಂಪ್ಯೂಟರು ಬರೆದಾಯಿತು ಎಂದು ಒಂದು ಸಾಲು ಹೇಳಿ, ಮಿಣುಕು ಕಡ್ಡಿಯನ್ನು ಮುಂದಿನ ಸಾಲಿಗೆ ತಂದು ಸುಮ್ಮನೆ ಕೂತಿತು. ಕಿಟಕಿಯೂ ಇಲ್ಲ, ಗೆರೆಯೂ ಇಲ್ಲ. ಇನ್ನೊಮ್ಮೆ ಮಾಡಿರಿ ಎಂದರು. ಇನ್ನೊಮ್ಮೆಯೂ ಬರೆದಾಯಿತು ಎಂದಿತು. ಬಂದ್ ಮಾಡಿ ಚಾಲೂ ಮಾಡಿದೆ. ಹಿಂದಿನ ವೈರು ಬಿಚ್ಚಿ ಊದಿ ಸಿಕ್ಕಿಸಿದೆ. ಪರದೆಯೇ ಕೆಟ್ಟಿರಬೇಕು ಎಂದದ್ದಕ್ಕೆ ಸಹಕಾರಿ ಸಂಘದ ಕಂಪ್ಯೂಟರಿನ ಪರದೆಯನ್ನು ಜವಾನನ ಕೈಯಲ್ಲಿ ಹೊರಿಸಿ ತರಿಸಿದೆ. ಅದರಲ್ಲೂ ಬರೆದಾಯಿತು. ಎಲ್ಲಿ ಬರೆದಿದೆ, ಇದರ ಹಣೆಬರಹದಲ್ಲೋ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ಸರ್, ನಮ್ಮೂರಲ್ಲಿ ಚಿತ್ರ ನಿಲ್ಲುವುದಿಲ್ಲ ಎಂದು ಹೇಳಿದೆ. ಅವರು ನಕ್ಕರು. ಬಂದ ದಿನ ಊಟದ ಹೋಟೆಲಿನಲ್ಲಿ ಖಾಲಿ ಚೌಕಟ್ಟುಗಳು ತೂಗುತ್ತಿದ್ದದ್ದನ್ನು ಅವರು ನೋಡಿಲ್ಲವೋ, ನೋಡಿಯೂ ಹೊಸ ಮಾದರಿ ಎಂದುಕೊಂಡರೋ. ಆಯಿತು, ಚಿತ್ರವನ್ನು ಕಡತವಾಗಿ ಉಳಿಸಿರಿ ಎಂದರು. ಉಳಿಸಿದೆ. ಕಡತ ಇದೆಯೇ? ಇದೆ. ಖಾಲಿಯೇ? ಅಲ್ಲ, ತುಂಬಿದೆ. ತೆರೆದು ನೋಡಿರಿ ಎಂದರು. ತೆರೆದರೆ ಪರದೆಯ ತುಂಬ ತಲೆಬುಡವಿಲ್ಲದ ಅಕ್ಷರ, ಅರ್ಧ ಪ್ರಶ್ನಾರ್ಥಕ, ಅರ್ಧ ಆವರಣ. ನಮ್ಮಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದುವುದೇ ರೂಢಿ. ಓದಿದೆ. ಎಷ್ಟು ಹೊತ್ತು ಓದಿದೆನೋ, ಸಾಕ್ರಿ ತಾಯೀ ಎಂದು ಅವರು ಕೈಮುಗಿದಂತೆ ದನಿ ಮಾಡಿದರು. ಕಡೆಗೆ ಕಂಪ್ಯೂಟರು ಒಂದು ಸಾಲಿನಲ್ಲಿ ನಿಜ ಒಪ್ಪಿಕೊಂಡಿತು, ಚಿತ್ರ ತೋರಿಸಲು ಪರದೆಯೇ ಸಿಗಲಿಲ್ಲ ಎಂದು.

ಆ ಸಾಲನ್ನೂ ಗಟ್ಟಿಯಾಗಿ ಓದಿದೆ. ಮುಜುಮದಾರರು, “ನಿಮ್ಮ ಪರದೆ ಬರೇ ಅಕ್ಷರದ್ದು ಅಂತ ಮದಲ ಹೇಳಬಾರದೇನ್ರಿ?” ಎಂದರು.

“ನಾ ಹೇಳಿದೆ ಸರ್. ನೀವು ನಕ್ಕಿರಿ.”

ಹಾಗಾದರೆ ಅಕ್ಷರದಲ್ಲೇ ಗೆರೆ ಎಳೆಸೋಣ ಎಂದು ಅವರು ಇನ್ನೊಂದು ಆದೇಶ ಹೇಳಿದರು. ರೈಲು ಘಟ್ಟ ಹತ್ತುತ್ತಿದೆ, ಸುರಂಗಗಳು ಶುರುವಾಗುತ್ತವೆ, ಸಂಜೆಯ ತನಕ ಫೋನು ಸಿಗಲಿಕ್ಕಿಲ್ಲ ಎಂದೂ ಹೇಳಿದರು. ಏರಿದರೆ ಬಂದ್, ಇಳಿದರೆ ಚಿಂತೆಯಿಲ್ಲ, ಇಷ್ಟು ನೆನಪಿಡಿರಿ ಎಂದರು. ಆದೇಶದ ಕೊನೆಯ ಅಕ್ಷರ ಒತ್ತುವುದಕ್ಕೂ ಫೋನು ಕಡಿಯುವುದಕ್ಕೂ ಸರಿ ಹೋಯಿತು.

ಪರದೆಯ ಮೇಲೆ ಚುಕ್ಕಿಗಳು ಉದುರಿದವು. ಎಡ ಅಂಚಿನಲ್ಲಿ ಒಂದರ ಕೆಳಗೊಂದು ಅಂಕಿ, ಆಮೇಲೆ ಖಾಲಿ ಜಾಗ, ಅಲ್ಲಲ್ಲಿ ಚುಕ್ಕಿ. ಅಕ್ಷರದ ಮನೆತನದವು ಅಂತಲೋ ಏನೋ, ಅಳಿಸಿ ಹೋಗದೆ ನಿಂತವು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಏನೂ ತಿಳಿಯಲಿಲ್ಲ. ಶಾಲೆಯಲ್ಲಿ ನಕ್ಷೆಯ ಪಾಠ ಬಂದಾಗ ಮಾಸ್ತರರು, ಇದು ನಿಮ್ಮ ಪಾಲಿಗಿಲ್ಲ ಮಕ್ಕಳೇ ಎಂದು ಪುಟ ತಿರುವುತ್ತಿದ್ದರು; ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಮಗೆ ಪುಕ್ಕಟೆ ಅಂಕ. ಪುಕ್ಕಟೆ ಸಿಕ್ಕ ಅಂಕ ಹೀಗೆ ಬಂದು ಕುತ್ತಿಗೆ ಹಿಡಿಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಕಿರ್ರೆಂದು ಸದ್ದು ಮಾಡುವ ಪ್ರಿಂಟರಿನಲ್ಲಿ ಹಾಳೆ ತೆಗೆದೆ. ಅಷ್ಟರಲ್ಲಿ ಮೈಲಾರಪ್ಪ ಕೈಯಲ್ಲಿ ಬೀಗದ ಕೈ ಹಿಡಿದು ಬಂದಿದ್ದ, ಅವನ ಹಿಂದೆ ಅರ್ಧ ಊರು. ಏನಂತಾವ ಚುಕ್ಕಿ ಎಂದು ಕೇಳಿದ. ನನಗೆ ಗೊತ್ತಾಗುತ್ತಿಲ್ಲ ಎಂದೆ. ಓದೋಣ ಕೊಡು ದಾನಕ್ಕ, ಕಾಗದವೇ ಅಲ್ಲವೇ ಎಂದ. ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಬೆರಳಿಟ್ಟ. ಮೇಲೆ, ಬಲಗಡೆ ತುದಿಯಲ್ಲಿ ಚುಕ್ಕಿ. ಅದರ ಕೆಳಗಿನ ಸಾಲಿನಲ್ಲಿ ತುಸು ಈಚೆಗೆ ಚುಕ್ಕಿ. ಅದರ ಕೆಳಗೆ ಇನ್ನೂ ಈಚೆಗೆ. ಅಲ್ಲಲ್ಲಿ ಸೊಟ್ಟಗಾದರೂ, ಹೀಗೆ ಸಾಲಿನಿಂದ ಸಾಲಿಗೆ ಹೋಗಿ ತಳದ ಸಾಲಿನಲ್ಲಿ, ಎಡ ಮೂಲೆಯಲ್ಲಿ ಮುಗಿದಿತ್ತು. ಕಾಗದ ಶುರುವಾಗುವುದು ಮೇಲೆ, ಮುಗಿಯುವುದು ಕೆಳಗೆ. ಶುರುವಿನಲ್ಲಿ ಮೇಲಿದ್ದದ್ದು ಮುಗಿಯುವಾಗ ಕೆಳಗಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

“ಇಳದೈತಿ,” ಎಂದ ಮೈಲಾರಪ್ಪ.

ಇಳದೈತಿ, ಇಳದೈತಿ ಎಂದು ಮಾತು ಬಾಗಿಲಿನಿಂದ ಬೀದಿಗೆ ಹೋಯಿತು. ನಾನೂ ನೋಡಿದೆ. ನನ್ನ ಕಣ್ಣಿಗೂ ಇಳಿದ ಹಾಗೇ ಕಂಡಿತು, ತಲೆ ಆಡಿಸಿದೆ. ಕಾಣಬೇಕೆಂದು ಕೂತವಳಿಗೆ ಕಾಣದೆ ಇರುತ್ತದೆಯೇ? ಬೀದಿಯ ಆ ಕಡೆ ನಮ್ಮ ಮನೆಯವರು ನಿಂತಿದ್ದರು. ಸುದ್ದಿ ಕಿವಿಗೆ ಬಿದ್ದ ಕೂಡಲೇ ಅವರು ತಲೆಗೂದಲಿಗೆ ಕೈಯಿಂದಲೇ ಬೈತಲೆ ತೆಗೆದುಕೊಂಡು, ನನ್ನ ಕಡೆ ನೋಡಿ ನಕ್ಕು, ಟಾಕೀಸಿನ ಕಡೆ ಹೆಜ್ಜೆ ಹಾಕಿದರು. ಅಷ್ಟು ದಿನದ ಮೇಲೆ ನಕ್ಕಿದ್ದು.

ಮೈಲಾರಪ್ಪ ಆ ಹಾಳೆಯನ್ನು ಟಾಕೀಸಿನ ಬಾಗಿಲಿಗೆ ಅಂಟಿಸಿದ, ಬಂದವರಿಗೆ ಧೈರ್ಯವಿರಲಿ ಎಂದು. ನಮ್ಮೂರಲ್ಲಿ ಬಾಗಿಲಿಗೆ ಅಂಟಿಸಿದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಉಳಿದವರು ನಿಂತು ಕೇಳಬೇಕು. ಪತ್ರಿಕೆ ಓದುವಾಗ ಚಿತ್ರವಿರಬೇಕಾದ ಖಾಲಿ ಜಾಗ ಬಂದರೆ ಅಲ್ಲಿ ಒಂದು ಉಸಿರು ಸುಮ್ಮನಿರಬೇಕು. ಇದು ಹಿರಿಯರ ಕಾಲದ ಮರ್ಯಾದೆ. ಹಾಳೆಯಲ್ಲಿ ಖಾಲಿ ಜಾಗವೇ ಹೆಚ್ಚು. ಹಾಗಾಗಿ ಟಿಕೆಟ್ಟು ಹರಿಯುವವನು ಮೊದಲ ಸಾಲಿನ ಅಂಕಿ ಓದಿ, ಉಸಿರು ಹಿಡಿದು, ಬಹಳ ಹೊತ್ತು ನಿಂತು, ಆಮೇಲೆ ಚುಕ್ಕಿ ಎಂದ. ಎರಡನೆಯ ಸಾಲಿಗೆ ಸ್ವಲ್ಪ ಕಡಿಮೆ ನಿಂತು ಚುಕ್ಕಿ ಎಂದ. ಜನ ಮಂತ್ರಪುಷ್ಪ ಕೇಳುವ ಹಾಗೆ ತಲೆ ಬಗ್ಗಿಸಿ ನಿಂತು ಕೇಳಿ, ಒಬ್ಬೊಬ್ಬರಾಗಿ ಒಳಗೆ ಹೋದರು. ನಾನು ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದೆ. ಪ್ರತಿ ಗುಂಪಿಗೂ ಅವನು ಮತ್ತೆ ಮೊದಲಿಂದ ಓದುತ್ತಿದ್ದ. ಅಂಕಿ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಾ ಬಂದು, ಕಡೆಯ ಸಾಲಿಗೆ ಅವನು ಸೊನ್ನೆ ಎಂದು, ನಿಲ್ಲದೆ ಚುಕ್ಕಿ ಎಂದು ಮುಗಿಸುತ್ತಿದ್ದ.

ಆ ಸೊನ್ನೆ ನನ್ನ ಕಿವಿಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮೀಟರು ಬಡಿದ ದಿನ ಮುಜುಮದಾರರು ನನ್ನ ಕೈಯಿಂದಲೇ ಸೊನ್ನೆ ಒತ್ತಿಸಿದ್ದರು. ಗೋಡೆ ಇವತ್ತು ಹೇಗಿದೆಯೋ ಅದೇ ಸೊನ್ನೆ, ಇಲ್ಲಿಂದ ಲೆಕ್ಕ ಶುರು ಎಂದಿದ್ದರು. ಶುರು ಸೊನ್ನೆಯಾದರೆ, ಹಾಳೆಯಲ್ಲಿ ಸೊನ್ನೆ ಇರುವುದು ತಳದಲ್ಲಿ. ಹಾಗಾದರೆ ಹಾಳೆ ಶುರುವಾಗುವುದು ತಳದಿಂದಲೇ? ತಳದಿಂದ ಓದುವ ಕಾಗದ ಲೋಕದಲ್ಲಿ ಎಲ್ಲಾದರೂ ಇದೆಯೇ? ಇರಲಿಕ್ಕಿಲ್ಲ. ಗೋಡೆ ಮೊದಲು ವಾಲಿ, ಆಮೇಲೆ ನೆಟ್ಟಗಾಗಿ ಸೊನ್ನೆಗೆ ಬಂದಿರಬಹುದು. ಆದರೆ ಶುರುವಿನಲ್ಲೇ ಸೊನ್ನೆ ಇತ್ತಲ್ಲ. ತಳದಿಂದ ಓದಿದರೆ ಚುಕ್ಕಿ ಸಾಲಿನಿಂದ ಸಾಲಿಗೆ ಏರುತ್ತದೆ. ಏರಿದರೆ ಬಂದ್.

ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಅಂಕಿಗಳನ್ನು ಹಿಂದೆ ಮುಂದೆ ಓಡಿಸಿ ನೋಡಿದೆ. ಮೊದಲ ದಿನವೂ ಬಿಸಿಲಿನ ಹೊತ್ತಿಗೆ ಅಂಕಿ ಹಾರಿತ್ತು, ನಿನ್ನೆಯೂ ತಂಪಿನ ಹೊತ್ತಿಗೆ ಬಿದ್ದಿತ್ತು. ಒಂದು ಏರಿತು ಅಂದರೆ ಇನ್ನೊಂದು ಇಳಿಯಿತು ಅನ್ನುತ್ತದೆ. ಮುಜುಮದಾರರಿಗೆ ಫೋನು ಹಚ್ಚಿದೆ. ನೀವು ಕರೆ ಮಾಡಿದವರು ವ್ಯಾಪ್ತಿಯಲ್ಲಿಲ್ಲ. ಮತ್ತೆ ಹಚ್ಚಿದೆ. ಅದೇ ಹೆಣ್ಣು, ಅದೇ ಮಾತು. ಹಾಳೆಯನ್ನು ಪಕ್ಕದ ಊರಿಗೆ ಒಯ್ದು ತಿಳಿದವರಿಗೆ ತೋರಿಸೋಣವೆಂದರೆ ಬೆಳಗಿನ ಬಸ್ಸು ಯಾವಾಗಲೋ ಹೋಗಿತ್ತು. ಜವಾನನನ್ನು ಕರೆದು, ಕಾಗದವನ್ನು ಕೆಳಗಿನಿಂದ ಓದಬಹುದೇನೋ ಎಂದು ಕೇಳಿದೆ. ಅವನು ನನ್ನನ್ನೇ ನೋಡಿ, ಬಿಸಿಲು ಬಹಳ ಆಗೈತ್ರಿ, ನೀರು ತರ್ಲೇನು ಎಂದ.

ಅಷ್ಟರಲ್ಲಿ ಟಾಕೀಸಿನ ಗಂಟೆ ಹೊಡೆಯಿತು. ಮ್ಯಾಟಿನಿ ಶುರು. ನಮ್ಮ ಮನೆಯವರು ನಿಲ್ಲುವ ಸ್ಟೂಲು ಎಲ್ಲಿದೆ ಎಂದು ಆಗ ನೆನಪಾಯಿತು. ಆ ಗೋಡೆಯ ಬುಡದಲ್ಲೇ ಇದೆ. ನಾನು ತಪ್ಪಿದ್ದರೆ ಅವರ ಬಾಯಿಗೆ ಬಂದ ತುತ್ತು ನಾನೇ ಕಿತ್ತುಕೊಂಡ ಹಾಗೆ. ಅಷ್ಟು ಸೊರಗಿದ ಮನುಷ್ಯ ಇನ್ನೊಮ್ಮೆ ಏಳುತ್ತಾರೆಂಬ ಭರವಸೆ ನನಗಿರಲಿಲ್ಲ. ನಾನು ಸರಿಯಿದ್ದು ಸುಮ್ಮನಿದ್ದರೆ, ಅದರ ಮುಂದಿನ ಮಾತು ಯೋಚಿಸುವುದಕ್ಕೇ ಆಗಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ಬೀದಿ ದಾಟಿದೆ.

ಬಾಗಿಲಲ್ಲಿ ಮೈಲಾರಪ್ಪ ಅಡ್ಡ ನಿಂತ. ಹಾಳೆ ತಳದಿಂದ ಓದಬೇಕಿತ್ತೇನೋ ಎಂದೆ. ಏನೋ ಅಂದರೇನು ದಾನಕ್ಕ, ಬೆಳಿಗ್ಗೆ ನೀನೇ ನೋಡಿದಿ, ಆಗ ತಲೆ ಆಡಿಸಿದಿ ಎಂದ. ಅವನ ಮಾತಿನಲ್ಲಿ ಮೋಸವಿರಲಿಲ್ಲ. ಖಚಿತವೇ ಎಂದು ಕೇಳಿದ. ಖಚಿತವಿಲ್ಲ ಎಂದೆ. ಹಾಗಾದರೆ ತುಂಬಿದ ಆಟ ಹೇಗೆ ನಿಲ್ಲಿಸಲಿ, ನೀನೇ ಹೇಳು ಎಂದ. ಅವನ ತೋಳಿನ ಕೆಳಗೆ ನುಸುಳಿ ಒಳಗೆ ಹೋದೆ.

ಒಳಗೆ ಪರದೆ ಬೆಳ್ಳಗೆ ಉರಿಯುತ್ತಿತ್ತು. ಎಲ್ಲಿಂದಲೋ ನೀರಿನ ಸದ್ದು, ಒಬ್ಬ ಹೆಂಗಸು ಬಿಕ್ಕುವ ಸದ್ದು. ನಮ್ಮ ಮನೆಯವರು ಸ್ಟೂಲಿನ ಮೇಲೆ ನಿಂತು ಎರಡೂ ಕೈ ಎತ್ತಿ ಹೇಳುತ್ತಿದ್ದರು. ಅಂಬಿಗನ ಮಗಳೊಬ್ಬಳು ಜ್ವರದಲ್ಲಿ ನಡುಮನೆಯಲ್ಲಿ ಮಲಗಿದ್ದಾಳೆ, ಅಪ್ಪ ಹೊಳೆಯ ಆಚೆಯಿಂದ ಇನ್ನೂ ಬಂದಿಲ್ಲ. ಅವರ ದನಿ ಗುಂಡಿಯಲ್ಲಿ ಬಹಳ ದಿನ ಹೂತಿಟ್ಟು ತೆಗೆದ ಜೋಳದ ಹಾಗೆ ಖಮ್ಮೆನ್ನುತ್ತಿತ್ತು. ಜನ ಉಸಿರು ಬಿಗಿ ಹಿಡಿದು ಕೂತಿದ್ದರು. ಮುಂದಿನ ಬೆಂಚಿನಲ್ಲಿ ಸಾವಂತ್ರೆವ್ವ, ಮೊಣಕಾಲು ಹಿಡಿದುಹೋದ ಮುದುಕಿ, ಒಂದು ಆಟವನ್ನೂ ಬಿಟ್ಟವಳಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ನಡುವಿನ ದಾರಿಯಲ್ಲಿ ಹೋಗುವಾಗ ಜನ ಶ್ ಶ್ ಎಂದರು. ಸ್ಟೂಲಿನ ಹತ್ತಿರ ನಿಂತು ಗೋಡೆಯನ್ನು ನೋಡಿದೆ. ಗೋಡೆ ಗೋಡೆಯ ಹಾಗೇ ಇತ್ತು. ಸುಣ್ಣ, ಬಿರುಕು, ಒಂದು ಹಲ್ಲಿ. ಅದನ್ನು ನೋಡಿ ನನ್ನ ಧೈರ್ಯ ಇನ್ನೂ ಕುಸಿಯಿತು.

“ರೀ, ಹೊರಗ ಬರ್ರಿ. ಈ ಗ್ವಾಡಿ ಬೀಳತೈತಿ ಅಂತ ಅನಸ್ತೈತಿ ನನಗ,” ಎಂದೆ, ಅವರಿಗೆ ಮಾತ್ರ ಕೇಳುವ ಹಾಗೆ.

ಅವರು ಬಗ್ಗಿ ನೋಡಿದರು. “ಚುಕ್ಕಿ ಇಳದಾವು ಅಂದ್ರಲ್ಲ.”

“ಆ ಹಾಳಿ ತಳದಿಂದ ಓದೂದು ಇರಬೇಕು. ಖರೆ ಹೇಳ್ಲೇನು, ನನಗ ಗೊತ್ತಿಲ್ಲ. ತಪ್ಪಿದ್ರ ನಾಳೆ ಊರೆಲ್ಲ ನಗಲಿ. ನೀವು ಬರಲಿಲ್ಲಂದ್ರ ನಾನೂ ಇಲ್ಲೇ ನಿಂದ್ರತೇನಿ.”

ಅವರು ನನ್ನ ಮುಖ ನೋಡಿದರು, ಜನರ ಕಡೆ ನೋಡಿದರು. ಇನ್ನು ಬೈಯುತ್ತಾರೆ ಎಂದುಕೊಂಡೆ. ಹಿಂದಿನಿಂದ ಯಾರೋ, ಮುಂದೇನಾಯ್ತು ಹೇಳ್ರಿ ಎಂದರು. ಅವರು ಸ್ಟೂಲಿನಿಂದ ಇಳಿದರು.

“ಆ ಹುಡುಗಿ ಎದ್ಲು,” ಎಂದರು ಜನಕ್ಕೆ. “ಜ್ವರದಾಗ ಎದ್ದು, ಗ್ವಾಡಿ ಹಿಡಕೊಂಡು ಬಾಗಲಾ ದಾಟಿದ್ಲು. ಹೊರಗ ಹೊಂಟಾಳ. ಬರ್ರಿ, ಎಲ್ಲಿಗೆ ಹೋಗ್ತಾಳ ನೋಡೂಣು.”

ಹೇಳುತ್ತಲೇ ನಡೆದರು. ಜನ ಗಲಿಬಿಲಿಯಾದರು. ಕತೆ ಹೀಗೆ ಎದ್ದು ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಇದು ಇಂಟರ್‌ವೆಲ್ಲೇ ಎಂದು ಕೆಲವರು, ಹೊಸ ಪದ್ಧತಿ ಇರಬೇಕು ಎಂದು ಕೆಲವರು. ಆದರೆ ದನಿ ದೂರವಾಗುತ್ತಿತ್ತು, ಹುಡುಗಿ ಓಣಿಗೆ ಇಳಿದಿದ್ದಳು, ಬರಿಗಾಲಿಗೆ ಕಲ್ಲು ಚುಚ್ಚುತ್ತಿತ್ತು. ಅದನ್ನು ಬಿಟ್ಟು ಬೆಂಚು ಕಾಯುವವರಾರು? ಸಾಲುಸಾಲಾಗಿ ಎದ್ದು ಹಿಂದೆ ಬಂದರು. ಒಳಗಿನಿಂದ ಇನ್ನೂ ಬಿಕ್ಕುವ ಸದ್ದು ಬರುತ್ತಿತ್ತಲ್ಲ, ಅದು ಅವಳ ಅವ್ವ, ಖಾಲಿ ಹಾಸಿಗೆ ನೋಡಿ ಅಳುತ್ತಿದ್ದಾಳೆ ಎಂದು ಅವರು ಹಿಂತಿರುಗಿ ನೋಡದೆ ಹೇಳಿದರು. ನಾನು ಸಾವಂತ್ರೆವ್ವನ ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ನಾನೇನು ಕೂಸೇ ಎಂದು ಬೈಯುತ್ತಲೇ ನನ್ನ ಮೇಲೆ ಪೂರ್ತಿ ಭಾರ ಹಾಕಿದಳು. ಬಾಗಿಲಲ್ಲಿ ಮೈಲಾರಪ್ಪ ಬಾಯಿ ತೆರೆದು ನಿಂತಿದ್ದ. ಅವನೂ ನಾಕು ಮಾತು ಕೇಳಿ, ಗಲ್ಲಾಪೆಟ್ಟಿಗೆ ಹಾಗೇ ಬಿಟ್ಟು ನಮ್ಮ ಜೊತೆ ಹೆಜ್ಜೆ ಹಾಕಿದ.

ಬೀದಿಯ ಕೊನೆಯ ಎಣ್ಣೆ ಗಾಣದ ತನಕ ಹೋದೆವು. ನಮ್ಮ ಮನೆಯವರು ನಿಧಾನ ಮಾಡಿದರು. ಹುಡುಗಿಯನ್ನು ಒಂದು ಬಾವಿಕಟ್ಟೆಯ ಮೇಲೆ ಕೂರಿಸಿ, ನೀರು ಕುಡಿಸಿ, ಮತ್ತೆ ಎಬ್ಬಿಸಿದರು. ನಡುನಡುವೆ ನನ್ನ ಕಡೆ ನೋಡುತ್ತಿದ್ದರು, ಇನ್ನೆಷ್ಟು ದೂರ ಎಂದು. ನನಗೇನು ಗೊತ್ತು? ಬಿಸಿಲು ಸುಡುತ್ತಿತ್ತು. ಜನರಲ್ಲಿ ಗುಸುಗುಸು ಹುಟ್ಟಿತು. ದಾನಕ್ಕ ಹೋಗಿ ಏನೋ ಪಿಸುಗುಟ್ಟಿದಳು, ಆಮೇಲೆ ಹೀಗಾಯಿತು ಎಂದು ಯಾರೋ ಅಂದರು. ತಿರುಗಿ ಹೋಗೋಣ, ನೆರಳಲ್ಲಿ ಕೂತು ಕೇಳೋಣ ಎಂದು ಮೈಲಾರಪ್ಪನೂ ಹೇಳತೊಡಗಿದ. ನಾಲ್ಕು ಜನ ತಿರುಗಿಯೂ ಬಿಟ್ಟರು. ನಾನು ನೆಲ ನೋಡುತ್ತಾ ನಿಂತೆ. ನನ್ನ ಲೆಕ್ಕವೇ ತಲೆಕೆಳಗು ಎಂದು ನನಗೂ ಅನ್ನಿಸಿಬಿಟ್ಟಿತ್ತು.

ಆಗ ಗೋಡೆ ಬಿತ್ತು. ಮೊದಲು ಮಣ್ಣು ಸುರಿದಂಥ ಸಣ್ಣ ಸದ್ದು, ಆಮೇಲೆ ಕಾಲಡಿಯಲ್ಲಿ ನೆಲ ಒಮ್ಮೆ ಅದುರಿತು, ಆಮೇಲೆ ಧೂಳು. ಟಾಕೀಸಿನಿಂದ ಅಲ್ಲಿತನಕ ಸಣ್ಣಗೆ ಕೇಳುತ್ತಿದ್ದ ಬಿಕ್ಕುವ ಸದ್ದು ನಿಂತುಹೋಯಿತು. ತಿರುಗಿದ್ದ ನಾಲ್ವರು ನಡುಬೀದಿಯಲ್ಲಿ ಹಾಗೇ ನಿಂತರು. ಬೆಂಚುಗಳ ಹಿಂದಿನ ಕೋಣೆಯಿಂದ ಯಂತ್ರ ಓಡಿಸುವವನು ಕೆಮ್ಮುತ್ತಾ, ಬಿಳಿ ಬೂದಿ ಮೆತ್ತಿದ ಮುಖ ಹೊತ್ತು ಬಂದ. ಗೋಡೆ ಒಳಗಡೆಗೇ ಮಲಗಿದೆ, ಮುಂದಿನ ಬೆಂಚುಗಳು ಕಾಣುತ್ತಿಲ್ಲ, ಸ್ಟೂಲು ಇದ್ದ ಜಾಗದಲ್ಲಿ ಆಳೆತ್ತರ ಕಲ್ಲಿದೆ ಎಂದ. ಮೈಲಾರಪ್ಪ ರಸ್ತೆಯಲ್ಲೇ ಕುಕ್ಕರಿಸಿ ಕೂತು ತಲೆ ಹಿಡಿದುಕೊಂಡ. ನನಗೆ ಸಂತೋಷವೂ ಆಗಲಿಲ್ಲ.

ಬಹಳ ಹೊತ್ತಿನ ಮೇಲೆ ಸಾವಂತ್ರೆವ್ವ ನನ್ನ ತೋಳು ಹಿಡಿದುಕೊಂಡೇ ನಮ್ಮ ಮನೆಯವರ ಮುಂದೆ ಬಂದು ನಿಂತಳು.

“ಗ್ವಾಡಿ ಬಿತ್ತು, ಅದನ್ನ ನಾಳೆ ನೋಡೂಣು,” ಎಂದಳು. “ಆ ಹುಡುಗಿ ಏನಾದ್ಲಪಾ?”

ಎಲ್ಲರೂ ಮುಖ ಎತ್ತಿದರು. ಅಷ್ಟೂ ಜನಕ್ಕೆ ಅದೇ ಬೇಕಾಗಿತ್ತೆಂದು ಕಾಣುತ್ತದೆ. ನಮ್ಮ ಮನೆಯವರು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಇನ್ನೊಮ್ಮೆ ತೆರೆದರು, ಅಷ್ಟೇ. ಊರಿಗೆಲ್ಲ ಹೇಳುವ ಮನುಷ್ಯ ನನ್ನ ಕಡೆ ನೋಡಿದರು, ಮನೆಯಲ್ಲಿ ಉಪ್ಪು ಕೇಳುವಾಗ ನೋಡುವ ಹಾಗೆ.

“ಬದಕಿದ್ಲು,” ಎಂದೆ ನಾನು.

ಹೇಗೆ ಎಂದು ಕೇಳಿದರು. ನಾನು ಆ ಸಿನಿಮಾ ನೋಡಿದವಳಲ್ಲ, ಕೇಳಿದವಳೂ ಅಲ್ಲ. ಬಾಯಿಗೆ ಬಂದದ್ದು ಹೇಳಿದೆ. ದಾರಿಯಲ್ಲಿ ಅಪ್ಪ ಎದುರಾದ, ಹೆಗಲ ಮೇಲೆ ಹೊತ್ತುಕೊಂಡು ಹೋದ, ಔಷಧ ಕುಡಿಸಿದ, ಜ್ವರ ಬಿಟ್ಟಿತು, ಈಗ ಅಂಬಲಿ ಕುಡಿಯುತ್ತಿದ್ದಾಳೆ ಎಂದೆ. ಹೇಳುವ ಧಾಟಿ ನನಗೆ ಗೊತ್ತಿಲ್ಲ, ಸಂತೆಯಲ್ಲಿ ತರಕಾರಿ ಕೂಗಿದ ಹಾಗೆ ಇತ್ತಂತೆ. ಆದರೂ ಜನ ಉಸ್ಸೆಂದು, ಧೂಳು ಕೊಡವಿಕೊಂಡು, ಮನೆಗಳ ಕಡೆ ಹೊರಟರು.

ಮನೆಗೆ ಬಂದು ಅವರನ್ನು ಹಿತ್ತಲಲ್ಲಿ ಕಲ್ಲಿನ ಮೇಲೆ ಕೂರಿಸಿ ತಲೆಗೆ ಬಿಸಿನೀರು ಹಾಕಿದೆ. ಅವರು ಅಳುತ್ತಿದ್ದರು, ನೀರಿನಲ್ಲಿ ಗೊತ್ತಾಗದು ಎಂದುಕೊಂಡಿರಬೇಕು. ಆ ಸಿನಿಮಾದಲ್ಲಿ ಹುಡುಗಿ ಮನೆಯಿಂದ ಏಳುವುದೇ ಇಲ್ಲ ಎಂದು ಆಗ ಹೇಳಿದರು. ಅಪ್ಪ ಬರುವಷ್ಟರಲ್ಲಿ ಅದೇ ಹಾಸಿಗೆಯಲ್ಲಿ ಸಾಯುತ್ತಾಳಂತೆ. ಕೈ ಹಿಡಿದು ಅಷ್ಟು ದೂರ ನಡೆಸಿಕೊಂಡು ಬಂದ ಮೇಲೆ ಸಾಯಿಸುವುದು ಹೇಗೆ ಎಂದು ತಿಳಿಯದೆ ಮಾತು ನಿಂತುಹೋಯಿತು ಎಂದರು.

“ಸಾಯಲಿಲ್ಲಲ್ಲ, ಬಿಡ್ರಿ,” ಎಂದೆ. ಯಾರ ಬಗ್ಗೆ ಅಂದೆನೆಂದು ನನಗೂ ಸರಿಯಾಗಿ ತಿಳಿಯಲಿಲ್ಲ. ಅವರು ನನ್ನ ಒದ್ದೆ ಕೈ ಹಿಡಿದುಕೊಂಡರು, ನೀರು ತಣ್ಣಗಾಗುವ ತನಕ ಬಿಡಲಿಲ್ಲ.